ಅವಧಿಗೆ ಮೊದಲೇ ಚುನಾವಣೆ ಬಂದರೆ ಪಕ್ಷಗಳ ಒಳಗೆ ಏನಾಗುತ್ತದೆ?

ಓದುಗರ ಪ್ರಶ್ನೆ: ಲೋಕಸಭೆಗೆ ಅವಧಿಗೆ ಮೊದಲೇ ಚುನಾವಣೆ ಬರುತ್ತೆ ಅನ್ನುವ ಸುದ್ದಿ ಆಗಾಗ ಏಳುತ್ತಲೇ ಇರುತ್ತದೆ. ಇದನ್ನು ನಿಜವಾಗಿ ತೀರ್ಮಾನ ಮಾಡುವವರು ಯಾರು? ಬೇಗ ಹೋದರೆ ಆಡಳಿತ ಪಕ್ಷಕ್ಕೆ ಲಾಭವೇ? ಆ ದಿನಗಳಲ್ಲಿ ರಾಷ್ಟ್ರೀಯ ಪಕ್ಷಗಳ ಒಳಗೆ ಏನು ನಡೆಯುತ್ತದೆ? ಸುದ್ದಿ ನಿಜವೋ ಗಾಳಿಮಾತೋ ಅಂತ ನಮ್ಮಂಥವರು ತಿಳಿಯುವುದು ಹೇಗೆ? ಇನ್ನೊಂದು ಸಣ್ಣ ವಿಷಯ. ನನ್ನ ಮಗಳಿಗೆ ಬರುವ ಆಗಸ್ಟ್‌ನಲ್ಲಿ 18 ತುಂಬುತ್ತದೆ. ಚುನಾವಣೆ ಹಿಂದೆಮುಂದೆ ಆದರೆ ಅವಳ ಮತದ ಗತಿ ಏನು?

ಉತ್ತರ:

ಯಾರು ತೀರ್ಮಾನ ಮಾಡುತ್ತಾರೆ ಅನ್ನುವುದನ್ನು ಮೊದಲು ಮುಗಿಸಿಬಿಡುತ್ತೇನೆ, ಅದು ಚಿಕ್ಕ ಉತ್ತರ. ಸಂವಿಧಾನದ 83ನೇ ವಿಧಿ ಪ್ರಕಾರ ಲೋಕಸಭೆಗೆ ಮೊದಲ ಸಭೆ ಸೇರಿದ ದಿನದಿಂದ 5 ವರ್ಷ ಆಯಸ್ಸು. 85ನೇ ವಿಧಿ ಪ್ರಕಾರ ರಾಷ್ಟ್ರಪತಿ ಅದನ್ನು ಮೊದಲೇ ವಿಸರ್ಜಿಸಬಹುದು. ಬಹುಮತ ಇರುವ ಪ್ರಧಾನಿಯ ಸಂಪುಟ ಸಲಹೆ ಕೊಟ್ಟರೆ ರಾಷ್ಟ್ರಪತಿ ಒಂದು ಸಲ ವಾಪಸ್ ಕಳಿಸಿ ಯೋಚಿಸಿ ಅನ್ನಬಹುದು, ಅಷ್ಟೇ. ಮತ್ತೆ ಅದೇ ಸಲಹೆ ಬಂದರೆ ಒಪ್ಪಲೇಬೇಕು. ಬಹುಮತ ಕಳೆದುಕೊಂಡ ಸರ್ಕಾರ ಕೇಳಿದಾಗ ಮಾತ್ರ ರಾಷ್ಟ್ರಪತಿಗೆ ನಿಜವಾದ ಕೆಲಸ ಬೀಳುತ್ತದೆ. ಬೇರೆ ಯಾರಾದರೂ ಸರ್ಕಾರ ಮಾಡಬಲ್ಲರೇ ಅಂತ ಅವರು ನೋಡಬೇಕಾಗುತ್ತದೆ.

ಒಂದು ವಿಷಯ ಬಹಳ ಜನ ಮರೆಯುತ್ತಾರೆ. ಸದನ ವಿಸರ್ಜಿಸುವುದು ಸರ್ಕಾರದ ಕೈಯಲ್ಲಿದ್ದರೂ ಮತದಾನದ ದಿನ ಅದರ ಕೈಯಲ್ಲಿಲ್ಲ. ಅದು ಚುನಾವಣಾ ಆಯೋಗದ್ದು. 2002ರ ಜುಲೈನಲ್ಲಿ ಗುಜರಾತ್ ವಿಧಾನಸಭೆ ವಿಸರ್ಜನೆ ಆದಾಗ ಬೇಗ ಚುನಾವಣೆ ನಡೆಸಿ ಅನ್ನುವ ಒತ್ತಾಯ ಇತ್ತು. ಪರಿಸ್ಥಿತಿ ಸರಿಯಿಲ್ಲ ಅಂತ ಆಯೋಗ ಒಪ್ಪಲಿಲ್ಲ. ವಿಷಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ವೇಳಾಪಟ್ಟಿ ನಿರ್ಧರಿಸುವುದು ಆಯೋಗದ ಕೆಲಸ ಅಂತ ಕೋರ್ಟ್ ಹೇಳಿತು. ಮತದಾನ ಆಗಿದ್ದು ಡಿಸೆಂಬರ್‌ನಲ್ಲಿ.

ಈಗ ಅಸಲು ವಿಷಯಕ್ಕೆ ಬರೋಣ.

ಬೇಗ ಚುನಾವಣೆ ಅಂದ ತಕ್ಷಣ ನಾವು ಜನರ ಮನಸ್ಸು ಹೇಗಿದೆ, ಅಲೆ ಯಾರ ಕಡೆ ಇದೆ ಅಂತ ಲೆಕ್ಕ ಹಾಕೋಕೆ ಶುರು ಮಾಡುತ್ತೇವೆ. ಅದು ತಪ್ಪಲ್ಲ. ಆದರೆ ಇಷ್ಟು ವರ್ಷ ಇದನ್ನೇ ನೋಡಿಕೊಂಡು ಬಂದ ನನಗೆ ಬೇರೊಂದು ಕಾಲಾವಧಿ ಇನ್ನೂ ಮುಖ್ಯವಾಗಿ ಕಾಣುತ್ತದೆ. ಚುನಾವಣೆ ಖಚಿತ ಅಂತ ಗೊತ್ತಾದ ದಿನಕ್ಕೂ ನಾಮಪತ್ರದ ಕೊನೆಯ ದಿನಕ್ಕೂ ನಡುವೆ ಕೆಲವು ವಾರ ಇರುತ್ತವಲ್ಲ, ಅವು. ಆ ವಾರಗಳಲ್ಲಿ ಯಾರು ಯಾರ ಕೈ ಹಿಡಿದರು, ಯಾರು ಯಾರ ಕೈ ಬಿಟ್ಟರು ಅನ್ನುವುದನ್ನು ನೋಡಿದರೆ ಫಲಿತಾಂಶದ ಅರ್ಧ ಅಲ್ಲೇ ಸಿಗುತ್ತದೆ.

ನನ್ನ ಮಾತಿಗೆ ಅತಿ ಗಟ್ಟಿ ಸಾಕ್ಷಿ 1998 ಮತ್ತು 1999. 1998ರಲ್ಲಿ ಬಿಜೆಪಿ ಗೆದ್ದ ಸೀಟು 182. 1999ರಲ್ಲಿ ಗೆದ್ದಿದ್ದು? ಅದೂ 182. ಒಂದು ಸೀಟೂ ಹೆಚ್ಚಿಲ್ಲ, ಕಮ್ಮಿ ಇಲ್ಲ. ಮೊದಲನೆಯ ಸರ್ಕಾರ 13 ತಿಂಗಳಿಗೆ ಬಿತ್ತು. ಎರಡನೆಯದು ಚುನಾವಣೆಗೆ ತಾನೇ ಹೊರಡುವವರೆಗೂ ಗಟ್ಟಿಯಾಗಿ ನಿಂತಿತ್ತು. ಬದಲಾಗಿದ್ದು ಜೊತೆಗಾರರು.

1999ರ ಏಪ್ರಿಲ್ 17ರ ಆ ಮಧ್ಯಾಹ್ನ ನೆನಪಿರುವವರು ಬಹಳ ಜನ ಇದ್ದೀರಿ. ಟಿವಿ ಮುಂದೆ ಕೂತವರೆಲ್ಲ ಉಸಿರು ಬಿಗಿಹಿಡಿದಿದ್ದರು. ಜಯಲಲಿತಾ ಅವರ ಎಐಎಡಿಎಂಕೆ ಬೆಂಬಲ ವಾಪಸ್ ಪಡೆದಿತ್ತು. ವಾಜಪೇಯಿ ವಿಶ್ವಾಸಮತ ಕೇಳಿದ್ದರು. ಪರವಾಗಿ 269, ವಿರುದ್ಧ 270. ಒಂದೇ ಒಂದು ಮತ! ಒಡಿಶಾದ ಮುಖ್ಯಮಂತ್ರಿ ಆಗಿದ್ದ ಗಿರಿಧರ್ ಗಮಾಂಗ್ ಇನ್ನೂ ಲೋಕಸಭಾ ಸದಸ್ಯತ್ವ ಬಿಟ್ಟಿರಲಿಲ್ಲ. ಅವರೂ ಬಂದು ವಿರುದ್ಧ ಮತ ಹಾಕಿದ್ದರು. ಆಮೇಲೆ ಕಾಂಗ್ರೆಸ್ ಪರ್ಯಾಯ ಸರ್ಕಾರಕ್ಕೆ ಪ್ರಯತ್ನಿಸಿತು. ಸಮಾಜವಾದಿ ಪಕ್ಷ ಒಪ್ಪಲಿಲ್ಲ. ಏಪ್ರಿಲ್ 26ಕ್ಕೆ ಲೋಕಸಭೆ ವಿಸರ್ಜನೆ ಆಯಿತು. ಮತದಾನ ಶುರುವಾಗಿದ್ದು ಸೆಪ್ಟೆಂಬರ್‌ನಲ್ಲಿ.

ಆ ನಾಲ್ಕು ತಿಂಗಳಲ್ಲಿ ಏನೇನಾಯಿತು ನೋಡಿ. ಎಐಎಡಿಎಂಕೆ ಹೋದ ಜಾಗಕ್ಕೆ ಡಿಎಂಕೆ ಬಂತು. ಆಂಧ್ರದಲ್ಲಿ ತೆಲುಗು ದೇಶಂ ಬಿಜೆಪಿ ಜೊತೆ ಸೀಟು ಹಂಚಿಕೊಂಡಿತು. ಅದೊಂದೇ 29 ಸೀಟು ತಂದಿತು. ಅತ್ತ ಕಾಂಗ್ರೆಸ್ ಒಡೆಯಿತು. ಸೋನಿಯಾ ಗಾಂಧಿ ಪ್ರಧಾನಿ ಅಭ್ಯರ್ಥಿ ಆಗಬಾರದು ಅಂದ ಶರದ್ ಪವಾರ್, ಸಂಗ್ಮಾ, ತಾರಿಕ್ ಅನ್ವರ್ ಮೂವರನ್ನೂ ಪಕ್ಷ ಹೊರಹಾಕಿತು. ಜೂನ್‌ನಲ್ಲಿ ಎನ್‌ಸಿಪಿ ಹುಟ್ಟಿತು. ಮತ ಹಾಕುವವರು ಇನ್ನೂ ಮನೆಯಲ್ಲೇ ಇದ್ದರು. ಸೋಲು ಗೆಲುವಿನ ದೊಡ್ಡ ಪಾಲು ಆಗಲೇ ತೀರ್ಮಾನ ಆಗಿತ್ತು.

ಇದರ ಬಿಸಿ ಕರ್ನಾಟಕಕ್ಕೆ ತಟ್ಟಿದ ಹಾಗೆ ಬೇರೆಲ್ಲೂ ತಟ್ಟಲಿಲ್ಲ ಅನಿಸುತ್ತೆ. ಆಗ ಇಲ್ಲಿ ಜನತಾದಳದ ಸರ್ಕಾರ, ಜೆ.ಎಚ್. ಪಟೇಲರು ಮುಖ್ಯಮಂತ್ರಿ. ರಾಮಕೃಷ್ಣ ಹೆಗಡೆಯವರು ಲೋಕಶಕ್ತಿ ಕಟ್ಟಿಕೊಂಡು ಆಗಲೇ ಎನ್‌ಡಿಎ ಜೊತೆಗಿದ್ದರು. ಪಟೇಲರು ವಿಧಾನಸಭೆಯನ್ನೂ ಕೆಲವು ತಿಂಗಳು ಮೊದಲೇ ವಿಸರ್ಜಿಸಿ ಲೋಕಸಭೆ ಜೊತೆಗೇ ಚುನಾವಣೆಗೆ ಹೊರಟರು. ಅವರ ಬಣ ಎನ್‌ಡಿಎ ಕಡೆ ವಾಲಿತು. ದೇವೇಗೌಡರು ಅದಕ್ಕೆ ಒಪ್ಪಲಿಲ್ಲ. ದಳ ಎರಡಾಯಿತು, ಒಂದು ಸಂಯುಕ್ತ ಜನತಾದಳ, ಇನ್ನೊಂದು ಜಾತ್ಯತೀತ ಜನತಾದಳ. ಹತ್ತು ವರ್ಷ ಗೋಡೆ ಗೋಡೆ ಮೇಲೆ ಬರೆದಿದ್ದ ಚಕ್ರದ ಗುರುತನ್ನು ಆಯೋಗ ಯಾರಿಗೂ ಕೊಡದೆ ತಡೆಹಿಡಿಯಿತು. ಒಬ್ಬರಿಗೆ ಬಾಣ, ಇನ್ನೊಬ್ಬರಿಗೆ ಟ್ರ್ಯಾಕ್ಟರ್.

ಕಾರ್ಯಕರ್ತನ ಜಾಗದಲ್ಲಿ ನಿಂತು ಒಂದು ಕ್ಷಣ ಯೋಚಿಸಿ. ‘ಚಕ್ರಕ್ಕೆ ಒತ್ತಿ’ ಅಂತ ಮನೆಮನೆಗೆ ಹೇಳಿಕೊಂಡು ಬಂದವನು ಈಗ ಅದೇ ಮನೆಗೆ ಹೋಗಿ ‘ಚಕ್ರ ಇಲ್ಲ ಅಜ್ಜಿ, ಈ ಸಲ ಟ್ರ್ಯಾಕ್ಟರ್’ ಅನ್ನಬೇಕು. ಪಕ್ಕದ ಬೀದಿಯಲ್ಲಿ ಅವನ ಹಳೆಯ ಗೆಳೆಯನೇ ಬಾಣ ಅನ್ನುತ್ತಿದ್ದಾನೆ. ಬಿಜೆಪಿ ಕಾರ್ಯಕರ್ತನ ಕಷ್ಟ ಇನ್ನೊಂದು ಥರ. ನಿನ್ನೆಯವರೆಗೆ ಪಟೇಲರ ಸರ್ಕಾರ ಸರಿಯಿಲ್ಲ ಅಂತ ಬೀದಿಗಿಳಿದವನು ಇವತ್ತು ಅವರ ಕಡೆಯವರಿಗೇ ಮತ ಕೇಳಬೇಕು. ದೆಹಲಿಯಲ್ಲಿ ಕೈಕುಲುಕಿದ್ದು ಹಳ್ಳಿಯ ಕಟ್ಟೆಗೆ ತಲುಪಲೇ ಇಲ್ಲ. ಎಸ್.ಎಂ. ಕೃಷ್ಣ ಅವರ ನಾಯಕತ್ವದಲ್ಲಿ ಕಾಂಗ್ರೆಸ್ 224ರಲ್ಲಿ 132 ಸೀಟು ಗೆದ್ದಿತು. ಪಟೇಲರು ಚನ್ನಗಿರಿಯಲ್ಲಿ ಸೋತರು, ದೇವೇಗೌಡರು ಹಾಸನದಲ್ಲಿ ಸೋತರು. ಒಡೆದ ಮನೆಯ ಎರಡೂ ಕೋಣೆಯಲ್ಲಿ ದೀಪ ಆರಿತ್ತು.

ಇಲ್ಲಿ ಒಂದು ವ್ಯತ್ಯಾಸ ಹೇಳಲೇಬೇಕು. ‘ಅವಧಿಪೂರ್ವ ಚುನಾವಣೆ’ ಅನ್ನುವ ಒಂದೇ ಹೆಸರಿನಲ್ಲಿ ನಾವು ಎರಡು ಬೇರೆ ಬೇರೆ ಸಂಗತಿಗಳನ್ನು ಸೇರಿಸಿಬಿಡುತ್ತೇವೆ. ಒಂದು, ಪ್ರಧಾನಿ ತಾನಾಗಿ ಆರಿಸಿಕೊಂಡಿದ್ದು. ಇನ್ನೊಂದು, ಸರ್ಕಾರ ಬಿದ್ದು ಬೇರೆ ದಾರಿ ಇಲ್ಲದೆ ಬಂದಿದ್ದು. 1980, 1991, 1998, 1999 ನಾಲ್ಕೂ ಎರಡನೆಯ ಜಾತಿ. ಪ್ರಧಾನಿಯೇ ಲೆಕ್ಕ ಹಾಕಿ ಹೊರಟಿದ್ದು ಅಂದರೆ ನನ್ನ ಎಣಿಕೆಯಲ್ಲಿ ಎರಡೇ, 1971 ಮತ್ತು 2004. ಒಂದರಲ್ಲಿ ಭಾರಿ ಗೆಲುವು, ಇನ್ನೊಂದರಲ್ಲಿ ಸೋಲು. ಹಾಗಾಗಿ ‘ಬೇಗ ಹೋದರೆ ಲಾಭವೇ’ ಅನ್ನುವ ನಿಮ್ಮ ಪ್ರಶ್ನೆಗೆ ಹೌದು ಅಥವಾ ಇಲ್ಲ ಅನ್ನೋಕೆ ಆಗಲ್ಲ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ.

1971ರ ಕಥೆ ನಮ್ಮ ಬೆಂಗಳೂರಿನಿಂದಲೇ ಶುರು. 1969ರ ಜುಲೈನಲ್ಲಿ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಎಐಸಿಸಿ ಅಧಿವೇಶನ ನಡೆಯಿತು. ರಾಷ್ಟ್ರಪತಿ ಅಭ್ಯರ್ಥಿ ಯಾರು ಅನ್ನುವುದರಲ್ಲಿ ಇಂದಿರಾ ಗಾಂಧಿ ಅವರಿಗೂ ಹಿರಿಯರ ಗುಂಪಿಗೂ ಜಗಳ ಬಯಲಿಗೆ ಬಂತು. ಅದೇ ತಿಂಗಳು 14 ಬ್ಯಾಂಕುಗಳ ರಾಷ್ಟ್ರೀಕರಣ. ನವೆಂಬರ್‌ನಲ್ಲಿ ಇಂದಿರಾ ಅವರನ್ನು ಪಕ್ಷದಿಂದ ಹೊರಹಾಕಿದರು, ಕಾಂಗ್ರೆಸ್ ಎರಡಾಯಿತು. ಆಗ ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪನವರು. ಇಂದಿರಾ ಸರ್ಕಾರಕ್ಕೆ ಸ್ವಂತ ಬಹುಮತ ಇರಲಿಲ್ಲ. ಸಿಪಿಐ, ಡಿಎಂಕೆ ಹೆಗಲು ಕೊಟ್ಟು ನಿಲ್ಲಿಸಿದ್ದವು. ಹಳೆಯ ರಾಜಮನೆತನಗಳಿಗೆ ಸರ್ಕಾರ ಕೊಡುತ್ತಿದ್ದ ರಾಜಧನವನ್ನು ರದ್ದು ಮಾಡುವ ಮಸೂದೆ ರಾಜ್ಯಸಭೆಯಲ್ಲಿ ಕೂದಲೆಳೆಯಲ್ಲಿ ಬಿತ್ತು. ಅದನ್ನೇ ರಾಷ್ಟ್ರಪತಿ ಆದೇಶದಿಂದ ಮಾಡಿದರೆ ಸುಪ್ರೀಂ ಕೋರ್ಟ್ 1970ರ ಡಿಸೆಂಬರ್ 15ಕ್ಕೆ ತಳ್ಳಿಹಾಕಿತು. ಹನ್ನೆರಡು ದಿನ ಕಳೆಯುವಷ್ಟರಲ್ಲಿ, ಡಿಸೆಂಬರ್ 27ಕ್ಕೆ, ಲೋಕಸಭೆ ವಿಸರ್ಜನೆ. ಅವಧಿ ಮುಗಿಯೋಕೆ ಇನ್ನೂ ಒಂದು ವರ್ಷಕ್ಕಿಂತ ಜಾಸ್ತಿ ಇತ್ತು.

ವಿರೋಧಿಗಳು ಕೈಕಟ್ಟಿ ಕೂರಲಿಲ್ಲ. ಹಿರಿಯರ ಗುಂಪಿನ ಹಳೆಯ ಕಾಂಗ್ರೆಸ್, ಜನಸಂಘ, ಸ್ವತಂತ್ರ ಪಕ್ಷ, ಸಂಯುಕ್ತ ಸಮಾಜವಾದಿಗಳು ಸೇರಿ ಮಹಾಮೈತ್ರಿ ಮಾಡಿಕೊಂಡರು. ಹಾಗಾದರೆ ಕೈಜೋಡಿಸಿದವರೇ ಗೆಲ್ಲಬೇಕಿತ್ತಲ್ಲ, ಅಂತ ನೀವು ಕೇಳಬಹುದು. ಅವರ ಮೈತ್ರಿಯನ್ನು ಕಟ್ಟಿದ್ದ ಹಗ್ಗ ಒಂದೇ, ಇಂದಿರಾ ಹಠಾವೋ. ಜಮೀನು, ಬ್ಯಾಂಕು, ಬಡತನ, ಯಾವುದರಲ್ಲೂ ಈ ನಾಲ್ಕು ಪಕ್ಷಗಳಿಗೆ ಒಂದು ಮಾತಿರಲಿಲ್ಲ. ಅವರು ಇಂದಿರಾ ಹಠಾವೋ ಅಂದರೆ ಆಕೆ ಗರೀಬಿ ಹಠಾವೋ ಅಂದರು. ಜೊತೆಗೆ ಆಕೆ ಮಾಡಿದ ಹೊಂದಾಣಿಕೆಯನ್ನು ಮರೆಯಬೇಡಿ. ತಮಿಳುನಾಡಿನಲ್ಲಿ ಡಿಎಂಕೆ ಕೂಡ ತನ್ನ ವಿಧಾನಸಭೆಯನ್ನು ಮೊದಲೇ ವಿಸರ್ಜಿಸಿತು. ಅಲ್ಲಿ ಇಂದಿರಾ ಕಾಂಗ್ರೆಸ್ ವಿಧಾನಸಭೆಗೆ ಒಬ್ಬ ಅಭ್ಯರ್ಥಿಯನ್ನೂ ಹಾಕಲಿಲ್ಲ, ಪೂರ್ತಿ ಡಿಎಂಕೆಗೆ ಬಿಟ್ಟುಕೊಟ್ಟಿತು. ಅಷ್ಟು ದೊಡ್ಡ ರಾಜ್ಯದಲ್ಲಿ ಒಂದು ರಾಷ್ಟ್ರೀಯ ಪಕ್ಷ ಅಷ್ಟು ಬಿಟ್ಟುಕೊಡುವುದು ಸಣ್ಣ ಮಾತಲ್ಲ. ಫಲಿತಾಂಶ ಬಂದಾಗ ಆಕೆಯ ಕಾಂಗ್ರೆಸ್ಸಿಗೆ 352, ಹಳೆಯ ಕಾಂಗ್ರೆಸ್ಸಿಗೆ 16.

ಆಗಿನ ಮೈಸೂರು ರಾಜ್ಯದಲ್ಲಿ ಹಳೆಯ ಕಾಂಗ್ರೆಸ್ಸಿನದೇ ಸರ್ಕಾರ, ವೀರೇಂದ್ರ ಪಾಟೀಲರು ಮುಖ್ಯಮಂತ್ರಿ. ಊರೂರಲ್ಲಿ ಅವರ ಜನ. ಜೋಡೆತ್ತಿನ ಗುರುತು ಹೋಗಿ ಇಂದಿರಾ ಕಡೆಯವರಿಗೆ ಹೊಸದಾಗಿ ಹಸು-ಕರು ಬಂದಿತ್ತು. ಆದರೂ 27ಕ್ಕೆ 27 ಸೀಟು ಇಂದಿರಾ ಕಾಂಗ್ರೆಸ್ಸಿಗೇ ಹೋದವು. ಮಾರ್ಚ್ ಮುಗಿಯುವುದರೊಳಗೆ ಪಾಟೀಲರ ಸರ್ಕಾರವೂ ಬಿತ್ತು. ಇಂದಿರಾ ಬಣವನ್ನು ಇಲ್ಲಿ ಕಟ್ಟಿದ ದೇವರಾಜ ಅರಸರು ಮುಂದಿನ ವರ್ಷ ಮುಖ್ಯಮಂತ್ರಿ ಆದರು. ಲೋಕಸಭೆ, ವಿಧಾನಸಭೆ ಎರಡಕ್ಕೂ ಒಟ್ಟಿಗೆ ಮತ ಹಾಕುವ ಹಳೆಯ ಪದ್ಧತಿಯನ್ನು ಪೂರ್ತಿ ಕಳಚಿದ್ದೂ ಇದೇ ಚುನಾವಣೆ.

ಈಗ 2004. 2003ರ ಡಿಸೆಂಬರ್‌ನಲ್ಲಿ ಬಿಜೆಪಿ ಮಧ್ಯಪ್ರದೇಶ, ರಾಜಸ್ಥಾನ, ಛತ್ತೀಸಗಢ ಮೂರನ್ನೂ ಗೆದ್ದಿತು. ಮಳೆ ಚೆನ್ನಾಗಿತ್ತು, ಪೇಟೆಯಲ್ಲಿ ಉತ್ಸಾಹ ಇತ್ತು, ‘ಇಂಡಿಯಾ ಶೈನಿಂಗ್’ ಜಾಹೀರಾತು ಎಲ್ಲೆಲ್ಲೂ. ಅಕ್ಟೋಬರ್‌ವರೆಗೆ ಕಾಯುವುದು ಯಾಕೆ ಅಂತ ಫೆಬ್ರವರಿ 6ಕ್ಕೆ ಲೋಕಸಭೆ ವಿಸರ್ಜಿಸಿದರು. ಲೆಕ್ಕ ಮೇಲ್ನೋಟಕ್ಕೆ ಸರಿಯಾಗಿಯೇ ಇತ್ತು.

ಆದರೆ ಅದೇ ಡಿಸೆಂಬರ್‌ನಲ್ಲಿ ಇನ್ನೊಂದು ಘಟನೆ ನಡೆದಿತ್ತು. ಡಿಎಂಕೆ ಎನ್‌ಡಿಎಯಿಂದ ಹೊರಬಂದಿತ್ತು. ಕಾಂಗ್ರೆಸ್ ಅದರ ಜೊತೆ ಕೈಜೋಡಿಸಿತು. ಇದೇ ಡಿಎಂಕೆಯ ಸಚಿವರನ್ನು ತೆಗೆಯಿರಿ ಅಂತ ಹಟ ಹಿಡಿದು ಕಾಂಗ್ರೆಸ್ 1997ರ ನವೆಂಬರ್‌ನಲ್ಲಿ ಗುಜ್ರಾಲ್ ಸರ್ಕಾರವನ್ನು ಬೀಳಿಸಿತ್ತು! ಆರು ವರ್ಷದ ಮೇಲೆ ಅದೆಲ್ಲ ಬದಿಗಿಟ್ಟು ಒಂದೇ ಮೇಜಿನ ಸುತ್ತ ಕೂತರು. ಸೋನಿಯಾ ಗಾಂಧಿ ತಾವೇ ನಡೆದುಕೊಂಡು ರಾಮ್ ವಿಲಾಸ್ ಪಾಸ್ವಾನ್ ಅವರ ಮನೆಗೆ ಹೋದರು. ಅಲ್ಲಿಯವರೆಗೆ ಒಬ್ಬರೇ ಗೆಲ್ಲುತ್ತೇವೆ ಅನ್ನುತ್ತಿದ್ದ ಪಕ್ಷ ಬಾಗಿಲು ತಟ್ಟೋಕೆ ಕಲಿತಿದ್ದು ಆಗ. ತಮಿಳುನಾಡಿನ 39ಕ್ಕೆ 39 ಸೀಟೂ ಆ ಕೂಟಕ್ಕೆ ಬಂದವು. ಆಂಧ್ರದಲ್ಲಿ ಟಿಆರ್‌ಎಸ್ ಮತ್ತು ಎಡಪಕ್ಷಗಳ ಜೊತೆ ಹೋಗಿ ಕಾಂಗ್ರೆಸ್ ತಾನೇ 29 ಗೆದ್ದಿತು. 1999ರಲ್ಲಿ 29 ತಂದಿದ್ದ ತೆಲುಗು ದೇಶಂ 5ಕ್ಕೆ ಇಳಿಯಿತು. ದೇಶದಲ್ಲಿ ಕಾಂಗ್ರೆಸ್ 145, ಬಿಜೆಪಿ 138. ಅಂತರ ಬರೀ 7. ಸರ್ಕಾರ ಯಾರದು ಅಂತ ಹೇಳಿದ್ದು ತಮಿಳುನಾಡು, ಆಂಧ್ರದಂಥ ಕಡೆಯ ಹೊಂದಾಣಿಕೆ.

ಅಂದರೆ 1971ರಲ್ಲಿ ದಿನಾಂಕ ಆರಿಸಿದವರೇ ಜೊತೆಗಾರರನ್ನೂ ಉಳಿಸಿಕೊಂಡಿದ್ದರು. 2004ರಲ್ಲಿ ದಿನಾಂಕ ಆರಿಸಿದವರು ಜೊತೆಗಾರರನ್ನು ಕಳೆದುಕೊಂಡ ಮೇಲೂ ದಿನಾಂಕವನ್ನೇ ನಂಬಿದರು. ನನಗೆ ಕಾಣುವ ವ್ಯತ್ಯಾಸ ಇದು. ಬರ, ರೈತರ ಸಂಕಟ, ಇವೆಲ್ಲ ಕಾರಣಗಳು ಇರಲೇ ಇಲ್ಲ ಅಂತ ಅಲ್ಲ. ಆದರೆ ಸಿಟ್ಟಿರುವ ಮತದಾರನಿಗೆ ಆ ಸಿಟ್ಟನ್ನು ಹಾಕೋಕೆ ಒಂದೇ ಗುರುತು ಸಿಕ್ಕರೆ ಬೇರೆ, ಮೂರು ಗುರುತು ಸಿಕ್ಕರೆ ಬೇರೆ.

1977ರ ಬಗ್ಗೆ ಒಂದು ಮಾತು. ಅದು ಅವಧಿಪೂರ್ವ ಅಲ್ಲ, ತುರ್ತುಪರಿಸ್ಥಿತಿಯಲ್ಲಿ ಲೋಕಸಭೆಯ ಅವಧಿಯನ್ನೇ ಎಳೆದಿದ್ದರು. ಆದರೆ ಘೋಷಣೆ ಮಾತ್ರ ಸಿಡಿಲಿನ ಹಾಗೆ ಬಂತು. ಜನವರಿ 18ಕ್ಕೆ ಚುನಾವಣೆ ಅಂದರು. ಎಷ್ಟೋ ನಾಯಕರು ಆಗಿನ್ನೂ ಜೈಲಿನಿಂದ ಹೊರಗೆ ಬರಬೇಕಿತ್ತು. ಐದೇ ದಿನಕ್ಕೆ, ಜನವರಿ 23ಕ್ಕೆ, ಜನತಾ ಪಕ್ಷ ಹುಟ್ಟಿತು. ಸ್ವಂತ ಗುರುತು ಪಡೆಯೋಕೂ ಪುರುಸೊತ್ತಿರಲಿಲ್ಲ, ಬಹುತೇಕ ಕಡೆ ಲೋಕದಳದ ನೇಗಿಲು ಹೊತ್ತ ರೈತನ ಗುರುತಿನಲ್ಲೇ ನಿಂತರು. ಫೆಬ್ರವರಿ 2ಕ್ಕೆ ಜಗಜೀವನ್ ರಾಮ್ ಕಾಂಗ್ರೆಸ್ ಬಿಟ್ಟು ಬಂದರು. ಎದುರಾಳಿ ಚದುರಿದ್ದಾನೆ ಅಂತ ಅವಸರ ಮಾಡಿದರೆ, ಆ ಅವಸರವೇ ಅವನನ್ನು ಒಂದುಮಾಡಬಹುದು. ಜೈಲಿನಲ್ಲಿ ಒಟ್ಟಿಗೆ ಕೂತವರಿಗೆ ಸೀಟು ಹಂಚಿಕೊಳ್ಳುವುದು ಕಷ್ಟ ಆಗಲಿಲ್ಲ.

ಈಗ ಪಕ್ಷಗಳ ಒಳಗಿನ ಕಥೆಗೆ ಬರುತ್ತೇನೆ. ನೀವು ಕೇಳಿದ್ದು ಮುಖ್ಯವಾಗಿ ಇದನ್ನೇ ಅಲ್ವಾ?

ಮೊದಲು ಕಾಣುವುದು ಸಂಸದರ ಭಯ. ಗೆದ್ದು ವರ್ಷ ಒಂದೂವರೆ ಆಗಿರುವ ಸಂಸದನಿಗೆ ಮತ್ತೆ ಚುನಾವಣೆ ಅಂದರೆ, ಹಿಂದಿನ ಮದುವೆಯ ಸಾಲ ತೀರದ ಮನೆಯಲ್ಲಿ ಇನ್ನೊಂದು ಮದುವೆ ಇಟ್ಟ ಹಾಗೆ. ಪಕ್ಷ ಯಾವುದಾದರೂ ಈ ಭಯ ಒಂದೇ. 1997ರ ಏಪ್ರಿಲ್‌ನಲ್ಲಿ ಕಾಂಗ್ರೆಸ್ ಬೆಂಬಲ ತೆಗೆದು ದೇವೇಗೌಡರ ಸರ್ಕಾರ ಬಿದ್ದಾಗ ಚುನಾವಣೆ ಬರಲಿಲ್ಲ. ಯಾಕೆಂದರೆ ಯಾರಿಗೂ ಬೇಕಿರಲಿಲ್ಲ. ಅದೇ ಕೂಟ ಗುಜ್ರಾಲರನ್ನು ಮುಂದಿಟ್ಟಿತು, ಅದೇ ಕಾಂಗ್ರೆಸ್ ಬೆಂಬಲ ಕೊಟ್ಟಿತು. ಆ ಉಪಾಯ ಏಳು ತಿಂಗಳು ನಡೆಯಿತು. ಸರ್ಕಾರ ಬೀಳುವುದಕ್ಕೂ ಸದನ ವಿಸರ್ಜನೆಗೂ ನಡುವೆ ಈ ಭಯ ಗೋಡೆಯ ಹಾಗೆ ನಿಂತಿರುತ್ತದೆ.

ಗೋಡೆ ಬಿದ್ದ ಮೇಲೆ ಟಿಕೆಟ್ ಜಗಳ. ಮಾಮೂಲಿ ಚುನಾವಣೆಯಲ್ಲಿ ಪಕ್ಷಕ್ಕೆ ಒಂದು ವರ್ಷ ಸಿಗುತ್ತದೆ. ಕ್ಷೇತ್ರ ಕ್ಷೇತ್ರದಲ್ಲಿ ಸಮೀಕ್ಷೆ, ಆಕಾಂಕ್ಷಿಗಳ ಜೊತೆ ಮಾತು, ಸಿಗದವರಿಗೆ ಸಮಾಧಾನ. ಬೇಗ ಬಂದ ಚುನಾವಣೆಯಲ್ಲಿ ಈ ಸಮಾಧಾನದ ಕೆಲಸಕ್ಕೇ ಟೈಮ್ ಇರಲ್ಲ. ಅಧಿಸೂಚನೆ ಹೊರಟ ಮೇಲೆ ನಾಮಪತ್ರಕ್ಕೆ ಏಳು ದಿನ. ಮರುದಿನ ಪರಿಶೀಲನೆ. ಇನ್ನೆರಡು ದಿನದೊಳಗೆ ವಾಪಸ್ ಪಡೆಯಬೇಕು. ಅಷ್ಟರೊಳಗೆ ಮುನಿಸಿಕೊಂಡವರನ್ನು ಒಲಿಸದಿದ್ದರೆ ಅವರು ಬಂಡಾಯ ಅಭ್ಯರ್ಥಿ.

2004ರ ಬೇಸಿಗೆಯಲ್ಲಿ ಒಂದು ಜಿಲ್ಲೆಯ ಚುನಾವಣಾಧಿಕಾರಿ ಕಚೇರಿ ಹೊರಗೆ ನಾನು ನಿಂತಿದ್ದೆ. ನಾಮಪತ್ರದ ಕೊನೆಯ ದಿನ. ಒಂದೇ ಪಕ್ಷದಿಂದ ಇಬ್ಬರು ನಾಮಪತ್ರ ಕೊಟ್ಟು ಕಾಯುತ್ತಿದ್ದರು, ಇಬ್ಬರಿಗೂ ಟಿಕೆಟ್ ನಿಮ್ಮದೇ ಅಂತ ಮೇಲಿನವರು ಹೇಳಿದ್ದರು. ಪಕ್ಷದ ಅಧಿಕೃತ ಅಭ್ಯರ್ಥಿ ಇವರೇ ಅನ್ನುವ ಪತ್ರ, ಅಂದರೆ ಬಿ ಫಾರಂ, ಬೆಂಗಳೂರಿನಿಂದ ಕಾರಿನಲ್ಲಿ ಬರುತ್ತಿತ್ತು. ಶಾಯಿಯಲ್ಲಿ ಸಹಿ ಮಾಡಿದ ಮೂಲ ಪ್ರತಿಯೇ ಬೇಕು, ಫ್ಯಾಕ್ಸ್ ನಡೆಯಲ್ಲ, ಮಧ್ಯಾಹ್ನ ಮೂರರೊಳಗೆ ತಲುಪಲೇಬೇಕು. ಎರಡೂ ಮುಕ್ಕಾಲಿಗೆ ಕಾರು ಬಂತು. ಬೆವರಿನಲ್ಲಿ ಅರ್ಧ ಒದ್ದೆಯಾದ ಲಕೋಟೆ ಹಿಡಿದು ಒಬ್ಬ ಹುಡುಗ ಓಡಿಬಂದ. ತೆಗೆದು ನೋಡಿದರೆ ಒಂದೇ ಹೆಸರು. ಇನ್ನೊಬ್ಬರು ಏನೂ ಮಾತಾಡಲಿಲ್ಲ. ಹೆಗಲ ಮೇಲಿನ ಪಕ್ಷದ ಶಾಲನ್ನು ಮಡಚಿ ಪಕ್ಕದ ಕಟ್ಟೆ ಮೇಲಿಟ್ಟರು. ಹದಿನೈದು ವರ್ಷ ಆ ಪಕ್ಷಕ್ಕೆ ದುಡಿದವರು. ನಾಮಪತ್ರ ವಾಪಸ್ ಪಡೆಯದೆ ಪಕ್ಷೇತರರಾಗಿ ನಿಂತರು. ಇಬ್ಬರೂ ಸೋತರು. ಆ ಶಾಲು ಮಡಚಿದ ರೀತಿ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಆರು ತಿಂಗಳು ಮುಂಚೆ ಕೂರಿಸಿ ಮಾತಾಡಿದ್ದರೆ ಅವರು ಒಪ್ಪುತ್ತಿದ್ದರು ಅಂತಲೇ ನಾನು ನಂಬಿದ್ದೇನೆ.

ಹೀಗಾಗಿ ಬೇಗ ಚುನಾವಣೆ ಬಯಸುವ ಪಕ್ಷ ಜಾಣತನದಿಂದ ಮಾಡುವ ಕೆಲಸ ಅಂದರೆ ಪಟ್ಟಿಯನ್ನು ಮೊದಲು ಸಿದ್ಧ ಮಾಡಿ ಆಮೇಲೆ ಸದನ ವಿಸರ್ಜಿಸುವುದು. ತೆಲಂಗಾಣದಲ್ಲಿ ಕೆ. ಚಂದ್ರಶೇಖರ ರಾವ್ 2018ರ ಸೆಪ್ಟೆಂಬರ್ 6ಕ್ಕೆ ವಿಧಾನಸಭೆ ವಿಸರ್ಜಿಸಿದರು. ಅದೇ ದಿನ 119ರಲ್ಲಿ 105 ಅಭ್ಯರ್ಥಿಗಳ ಹೆಸರು ಓದಿದರು. ಎದುರಿನ ಕೂಟ ಸೀಟು ಹಂಚಿಕೆಯಲ್ಲೇ ವಾರಗಟ್ಟಲೆ ಕಳೆಯಿತು. ಡಿಸೆಂಬರ್‌ನಲ್ಲಿ ಅವರಿಗೆ 88 ಬಂತು. ಇದಕ್ಕೆ ತದ್ವಿರುದ್ಧ ಚಂದ್ರಬಾಬು ನಾಯ್ಡು. 2003ರ ಅಕ್ಟೋಬರ್‌ನಲ್ಲಿ ಅಲಿಪಿರಿಯಲ್ಲಿ ಅವರ ಮೇಲೆ ಬಾಂಬ್ ದಾಳಿ ಆಯಿತು. ಮುಂದಿನ ತಿಂಗಳೇ ವಿಧಾನಸಭೆ ವಿಸರ್ಜಿಸಿದರು. ಚುನಾವಣೆ ಬಂದಿದ್ದು 2004ರ ಏಪ್ರಿಲ್‌ಗೆ. ಅಷ್ಟರಲ್ಲಿ ಅನುಕಂಪ ಆರಿತ್ತು, ಎದುರಾಳಿಗಳು ಹೊಂದಾಣಿಕೆ ಮುಗಿಸಿದ್ದರು. 294ರಲ್ಲಿ ಸಿಕ್ಕಿದ್ದು 47.

ನಮ್ಮ ರಾಜ್ಯದ ನಾಯಕರೂ ದೆಹಲಿಯ ರೈಲಿಗೆ ತಮ್ಮ ಬೋಗಿ ಜೋಡಿಸಿ ನೋಡಿದ್ದಾರೆ. 1999ರಲ್ಲಿ ಪಟೇಲರು ಸೋತಿದ್ದನ್ನು ಹೇಳಿದೆ. 2004ರಲ್ಲಿ ಎಸ್.ಎಂ. ಕೃಷ್ಣ ಕೂಡ ವಿಧಾನಸಭೆ ಚುನಾವಣೆಯನ್ನು ಲೋಕಸಭೆ ಜೊತೆಗೆ ಮುಂದಕ್ಕೆ ತಂದರು. 132 ಇದ್ದ ಕಾಂಗ್ರೆಸ್ 65ಕ್ಕೆ ಬಂತು. ಬೇಗ ಹೋಗಿ ಗೆದ್ದವರು ಅಂದರೆ ಅದಕ್ಕೂ ಹಿಂದೆ ಮುಖ್ಯಮಂತ್ರಿ ಆಗಿದ್ದ ರಾಮಕೃಷ್ಣ ಹೆಗಡೆ. 1984ರ ಡಿಸೆಂಬರ್‌ನಲ್ಲಿ ಲೋಕಸಭೆಗೆ ಜನತಾ ಪಕ್ಷ ಇಲ್ಲಿ 28ರಲ್ಲಿ 4 ಗೆದ್ದಾಗ ಅವರು ರಾಜೀನಾಮೆ ಕೊಟ್ಟು ಹೊಸದಾಗಿ ಜನರ ಮುಂದೆ ಹೋದರು. ಮೂರೇ ತಿಂಗಳಲ್ಲಿ ಅದೇ ಜನ 139 ಸೀಟು ಕೊಟ್ಟರು. ಅವರು ಬೋಗಿ ಕಳಚಿದ್ದರು. ದೆಹಲಿಗೆ ಒಂದು ಮತ, ಬೆಂಗಳೂರಿಗೆ ಒಂದು ಮತ ಅಂತ ಕನ್ನಡಿಗರು ಆಗಲೇ ಬೇರೆ ಮಾಡಿ ನೋಡಿದ್ದರು. ನನಗೆ ಆ ಮತದಾರರ ಮೇಲೆ ತುಂಬಾ ಗೌರವ ಇದೆ.

ದುಡ್ಡಿನ ಮಾತು ಎರಡೇ ಸಾಲಿನಲ್ಲಿ ಹೇಳುತ್ತೇನೆ. ದೊಡ್ಡ ರಾಜ್ಯಗಳಲ್ಲಿ ಲೋಕಸಭಾ ಅಭ್ಯರ್ಥಿ 95 ಲಕ್ಷ ರೂಪಾಯಿವರೆಗೆ ಖರ್ಚು ಮಾಡಬಹುದು, ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ದಿಢೀರ್ ಚುನಾವಣೆ ಬಂದರೆ ಕೈಯಲ್ಲಿ ದುಡ್ಡು ಇರುವ ಪಕ್ಷಕ್ಕೆ ಅನುಕೂಲ, ಅದು ಸಾಮಾನ್ಯವಾಗಿ ಅಧಿಕಾರದಲ್ಲಿರುವ ಪಕ್ಷವೇ ಆಗಿರುತ್ತದೆ.

ಸುದ್ದಿ ನಿಜವೋ ಸುಳ್ಳೋ ಹೇಗೆ ತಿಳಿಯುವುದು? 2023ರ ಆಗಸ್ಟ್ 31ನ್ನು ನೆನಪಿಸಿಕೊಳ್ಳಿ. ಸಂಸತ್ತಿನ ವಿಶೇಷ ಅಧಿವೇಶನ ಅಂತ ದಿಢೀರ್ ಘೋಷಣೆ ಬಂತು. ಅದೇ ಹೊತ್ತಿಗೆ ಏಕಕಾಲದ ಚುನಾವಣೆ ಬಗ್ಗೆ ರಾಮನಾಥ ಕೋವಿಂದ್ ಸಮಿತಿಯ ಸುದ್ದಿ. ಡಿಸೆಂಬರ್‌ನಲ್ಲೇ ಲೋಕಸಭೆ ಚುನಾವಣೆ ಅಂತ ಎಲ್ಲೆಡೆ ಮಾತು. ಆ ದಿನ ವಿರೋಧ ಪಕ್ಷಗಳ ಇಂಡಿಯಾ ಕೂಟ ಮುಂಬೈಯಲ್ಲಿ ಸೇರಿತ್ತು. ಆ ಹೆಸರು ಇಟ್ಟುಕೊಂಡಿದ್ದು ಜುಲೈನಲ್ಲಿ ನಮ್ಮ ಬೆಂಗಳೂರಿನಲ್ಲೇ. ಸೀಟು ಹಂಚಿಕೆ ತಕ್ಷಣ ಶುರು ಮಾಡುತ್ತೇವೆ ಅಂತ ಮುಂಬೈಯಲ್ಲಿ ನಿರ್ಣಯ ಮಾಡಿದರು. ಅಧಿವೇಶನದಲ್ಲಿ ಬಂದಿದ್ದು ಮಹಿಳಾ ಮೀಸಲಾತಿ ಮಸೂದೆ. ಚುನಾವಣೆ ಬಂದಿದ್ದು ಸರಿಯಾದ ಸಮಯಕ್ಕೆ, 2024ರ ಏಪ್ರಿಲ್‌ಗೆ. ಗಾಳಿಮಾತು ತಣ್ಣಗಾದ ಹಾಗೆ ಸೀಟು ಹಂಚಿಕೆಯೂ ತಣ್ಣಗಾಯಿತು. ಜನವರಿಯಲ್ಲಿ ನಿತೀಶ್ ಕುಮಾರ್ ಕೂಟ ಬಿಟ್ಟು ಹೋದರು.

ಆದ್ದರಿಂದ ಅಧಿವೇಶನ, ಭಾಷಣ, ಟಿವಿ ಚರ್ಚೆ ಇವುಗಳಿಂದ ಸುಮ್ನೆ ಗಾಬರಿ ಆಗಬೇಡಿ. ನಾನು ಬೇರೆ ಮೂರು ಕಡೆ ಕಣ್ಣಿಡುತ್ತೇನೆ. ಪೂರ್ಣ ಬಜೆಟ್ ಬರಬೇಕಾದ ವರ್ಷದಲ್ಲಿ ಮಧ್ಯಂತರ ಬಜೆಟ್ ಬಂತೇ? 2004ರಲ್ಲಿ ಫೆಬ್ರವರಿ 3ಕ್ಕೆ ಅದು ಬಂತು, ಮೂರನೇ ದಿನಕ್ಕೆ ಲೋಕಸಭೆ ಹೋಯಿತು. ಪಕ್ಷದ ಕೇಂದ್ರ ಚುನಾವಣಾ ಸಮಿತಿ ಕೂತು ಕ್ಷೇತ್ರವಾರು ಹೆಸರು ನೋಡುತ್ತಿದೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ಸಣ್ಣ ಮಿತ್ರಪಕ್ಷಗಳು ಏನು ಮಾಡುತ್ತಿವೆ? ದೊಡ್ಡ ಪಕ್ಷದ ಗುಟ್ಟು ಮೊದಲು ಸೋರುವುದು ಅಲ್ಲಿಂದಲೇ, ಯಾಕೆಂದರೆ ಅವರಿಗೆ ಸೀಟು ಎಷ್ಟು ಅಂತ ಮೊದಲೇ ಹೇಳಬೇಕಲ್ಲ. ಏನೂ ನಡೆಯದೆ ಇದ್ದಕ್ಕಿದ್ದಂತೆ ಒಂದು ಮಿತ್ರಪಕ್ಷ ಮುನಿಸಿಕೊಂಡರೆ ನಾನು ಕಿವಿ ನಿಮಿರಿಸುತ್ತೇನೆ.

ಮುಂದೆ ಈ ಲೆಕ್ಕವೇ ಬದಲಾಗಬಹುದು. ಏಕಕಾಲದ ಚುನಾವಣೆಗಾಗಿ 2024ರ ಡಿಸೆಂಬರ್ 17ಕ್ಕೆ ಲೋಕಸಭೆಯಲ್ಲಿ ಮಂಡಿಸಿದ 129ನೇ ತಿದ್ದುಪಡಿ ಮಸೂದೆಯಲ್ಲಿ ಒಂದು ಅಂಶ ಇದೆ. ಲೋಕಸಭೆ ಅವಧಿಗೆ ಮೊದಲೇ ವಿಸರ್ಜನೆ ಆದರೆ ಹೊಸ ಲೋಕಸಭೆಗೆ ಪೂರ್ತಿ 5 ವರ್ಷ ಸಿಗಲ್ಲ, ಹಳೆಯದರ ಉಳಿದ ಅವಧಿ ಅಷ್ಟೇ. ಇದು ಜಾರಿಗೆ ಬಂದರೆ 1971ರಂಥ ಆಟ ಯಾರೂ ಆಡಲಾರರು. ಒಂದು ವರ್ಷದ ಅಧಿಕಾರಕ್ಕಾಗಿ ಯಾರು ಚುನಾವಣೆಗೆ ಹೋಗುತ್ತಾರೆ? ಆದರೆ ಸರ್ಕಾರ ತಾನಾಗಿ ಬಿದ್ದರೆ ಮತದಾರ ಬೇಗ ಬೇಗ ಎರಡು ಸಲ ಮತಗಟ್ಟೆಗೆ ನಡೆಯಬೇಕು. ಆ ಪ್ರಶ್ನೆಗೆ ಮಸೂದೆ ಒಪ್ಪುವಂಥ ಉತ್ತರ ಕೊಟ್ಟಿಲ್ಲ ಅನ್ನುವುದು ನನ್ನ ಅನಿಸಿಕೆ.

ಕೊನೆಗೆ ನಿಮ್ಮ ಮಗಳ ವಿಷಯ. ಮೊದಲು ಜನವರಿ 1ಕ್ಕೆ 18 ತುಂಬಿದವರಿಗೆ ಮಾತ್ರ ಆ ವರ್ಷದ ಪಟ್ಟಿಯಲ್ಲಿ ಜಾಗ ಇತ್ತು. ಈಗ ವರ್ಷಕ್ಕೆ ನಾಲ್ಕು ದಿನಾಂಕಗಳಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಆಗಸ್ಟ್‌ನಲ್ಲಿ 18 ತುಂಬುವ ಅವಳಿಗೆ ಅಕ್ಟೋಬರ್ 1 ಲೆಕ್ಕಕ್ಕೆ ಬರುತ್ತದೆ. 17 ತುಂಬಿದವರು ಮುಂಗಡವಾಗಿಯೇ ಅರ್ಜಿ ಕೊಡಬಹುದು, ನಮೂನೆ 6 ತುಂಬಿ ಕೊಟ್ಟರೆ ಸಾಕು. ಆದರೆ ಚುನಾವಣೆ ಘೋಷಣೆ ಆಗಲಿ ಆಮೇಲೆ ನೋಡೋಣ ಅಂತ ಕೂರಬೇಡಿ. ನಾಮಪತ್ರದ ಕೊನೆಯ ದಿನ ದಾಟಿದ ಮೇಲೆ ಆ ಚುನಾವಣೆಗೆ ಪಟ್ಟಿಯಲ್ಲಿ ಹೊಸ ಹೆಸರು ಸೇರಿಸುವಂತಿಲ್ಲ, ಅರ್ಜಿ ಪರಿಶೀಲನೆಗೂ ಕೆಲವು ದಿನ ಬೇಕು. ಈ ವಾರವೇ ನಿಮ್ಮ ಮತಗಟ್ಟೆ ಮಟ್ಟದ ಅಧಿಕಾರಿಯನ್ನು (ಬಿಎಲ್‌ಒ) ಹುಡುಕಿ, ಅವಳ ಕೈಯಲ್ಲೇ ಅರ್ಜಿ ಬರೆಸಿ ಕೊಡಿಸಿ.